ಕರೆಂಟಿಲ್ಲದ ಜಾಗದಲ್ಲಿ ವ್ಯಾನಿನೊಳಗೆ ಮನೆ ಫ್ರಿಜ್

ಏಪ್ರಿಲ್‌ನಲ್ಲಿ ಗಂಗಾವತಿ ಹತ್ತಿರದ ಸಾಣಾಪುರ ಕೆರೆ ಕಡೆ ಎರಡು ದಿನ ವ್ಯಾನ್ ನಿಲ್ಲಿಸುವುದಾದರೆ, ಮೊದಲು ನೋಡಬೇಕಾದ್ದು ಫ್ರಿಜ್‌ನ ವ್ಯಾಟ್ ಅಲ್ಲ, ದಿನದ ಯೂನಿಟ್. 190 ಲೀಟರಿನ ಸಿಂಗಲ್ ಡೋರ್ ಫ್ರಿಜ್ ಆ ಬಿಸಿಲಿಗೆ ದಿನಕ್ಕೆ 1 ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಇನ್ವರ್ಟರ್ ಸುಮ್ಮನೆ ಆನ್ ಇದ್ದು 15 ವ್ಯಾಟ್ ಎಳೆದರೂ ದಿನಕ್ಕೆ 0.36 ಯೂನಿಟ್ ಹೋಯಿತು. ಬಹಳ ಜನ ಮರೆಯುವುದು ಇದನ್ನೇ.

12.8 ವೋಲ್ಟ್, 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 2.5 ಯೂನಿಟ್ ಸಿಗುತ್ತದೆ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ಬೇಗ ಸಾಯುತ್ತದೆ.

ಇನ್ವರ್ಟರ್ ಪ್ಯೂರ್ ಸೈನ್ ವೇವ್‌ನದೇ (ಮನೆ ಕರೆಂಟಿನಂಥ ನುಣುಪಾದ ಅಲೆ ಕೊಡುವುದು) ಇರಲಿ, 1000 ವ್ಯಾಟಿಗೆ ಕಡಿಮೆ ಬೇಡ. ಓಡುವಾಗ 100 ವ್ಯಾಟ್ ಎಳೆಯುವ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು ಕೇಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಮೋಟರ್ ಗುಂಯ್ ಎಂದು ಬಿಸಿಯೇರುತ್ತದೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ 25 ಚದರ ಮಿ.ಮೀ. ತಾಮ್ರದ ಕೇಬಲ್, ಒಂದೂವರೆ ಮೀಟರ್ ಒಳಗೆ. ಪ್ಲಸ್ ತುದಿಯಲ್ಲಿ, ಬ್ಯಾಟರಿ ಪಕ್ಕದಲ್ಲೇ 125 ಆಂಪ್ ಫ್ಯೂಸ್. ಕೇಬಲ್ ತೆಳುವಾದರೆ ಅಥವಾ ತುದಿ ಸಡಿಲವಾದರೆ ಬ್ಯಾಟರಿ ತುಂಬಿದ್ದರೂ ಕಂಪ್ರೆಸರ್ ಶುರುವಾದಾಗ ಲೋ ಬ್ಯಾಟರಿ ಅಲಾರಂ ಕೂಗುತ್ತದೆ. ಆಗ ಹೊಸ ಬ್ಯಾಟರಿ ಕೊಳ್ಳಲು ಓಡಬೇಡಿ, ಕೇಬಲ್ ದಪ್ಪವಿದೆಯೇ, ಅದರ ತುದಿಯ ಲೋಹದ ಲಗ್ ಬಿಗಿಯಿದೆಯೇ ನೋಡಿ.

400 ವ್ಯಾಟ್ ಸೋಲಾರ್ ಪ್ಯಾನೆಲ್‌ಗೆ 40 ಆಂಪ್ ಎಂಪಿಪಿಟಿ (ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಕಂಟ್ರೋಲರ್) ಹಾಕಿದರೆ ಒಳ್ಳೆ ಬಿಸಿಲಿನ ದಿನ ಸುಮಾರು 1.5 ಯೂನಿಟ್ ಬರುತ್ತದೆ. ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ, ಆದರೆ ಕಾದ ಪ್ಯಾನೆಲ್ ಕಡಿಮೆ ಕೊಡುತ್ತದೆ. ಚಾವಣಿಯಿಂದ ನಾಲ್ಕು ಬೆರಳು ಎತ್ತರಿಸಿ ಕೂರಿಸಿ. ಬೇವಿನ ನೆರಳು ನೋಡಿ ನಿಲ್ಲಿಸಿದರೆ ಚಾರ್ಜಿಂಗ್ ನಿಂತಂತೆಯೇ.

ಫ್ರಿಜ್ ಹಿಂದೆ ಗಾಳಿಯಾಡಲು ಅಂಗೈ ಅಗಲ ಜಾಗ ಬಿಡಿ. ಆಫ್ ಮಾಡಿದರೆ ಐದು ನಿಮಿಷ ಕಾದು ಆನ್ ಮಾಡಿ.