4×5 ನೆಗೆಟಿವ್ ಮನೇಲೇ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆಯೋದು ಹೇಗೆ?

ಲಾರ್ಜ್ ಫಾರ್ಮ್ಯಾಟ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ 4×5 ಇಂಚಿನ ಶೀಟ್ ಫಿಲ್ಮ್, ರೋಲ್ ಇಲ್ಲ, ಒಂದು ಹಾಳೆಗೆ ಒಂದೇ ಫೋಟೊ. ನೆಗೆಟಿವ್ವೇ ಇಷ್ಟು ದೊಡ್ಡದಿರೋದ್ರಿಂದ ಡ್ರಮ್ ಸ್ಕ್ಯಾನ್ (ಫಿಲ್ಮನ್ನ ಸಿಲಿಂಡರಿಗೆ ಸುತ್ತಿ ದೊಡ್ಡ ಮಷಿನಲ್ಲಿ ಮಾಡೋದು) ಬೇಕೇ ಬೇಕು ಅನ್ನೋ ಮಾತೆಲ್ಲ ತಲೆಗೆ ಹಾಕ್ಕೋಬೇಡಿ, ಮನೇಲಿಡೋ ಫ್ಲಾಟ್‌ಬೆಡ್, ಅಂದ್ರೆ ಗಾಜಿನ ಮೇಲಿಟ್ಟು ಮುಚ್ಚಳ ಹಾಕೋ ಸ್ಕ್ಯಾನರ್ ಧಾರಾಳವಾಗಿ ಸಾಕು.

ಆದ್ರೆ ಎಲ್ಲಾ ಸ್ಕ್ಯಾನರ್ರೂ ಆಗಲ್ಲ. ಮುಚ್ಚಳದಲ್ಲಿ ಲೈಟ್ ಇರಬೇಕು, ಅದೂ ಪೂರ್ತಿ 4 ಇಂಚು ಅಗಲಕ್ಕೆ. ಎಪ್ಸನ್ ವಿ600 ಅಗ್ಗ ಅಂತ ತಗೊಂಡ್ರೆ ಅದರ ಲೈಟ್ ಪಟ್ಟಿ ಕಿರಿದಾದ 120 ರೋಲ್ ಫಿಲ್ಮಿಗಷ್ಟೇ ಸರಿಹೋಗತ್ತೆ, 4×5 ಹಾಳೇನ ಎರಡು ಸಲ ಸ್ಕ್ಯಾನ್ ಮಾಡಿ ಜೋಡಿಸ್ತಾ ಕೂರಬೇಕು. ವಿ700, ವಿ800, ವಿ850 ಆದ್ರೆ ಆ ತಲೆನೋವಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು 4×5 ಹೋಲ್ಡರ್ (ಫಿಲ್ಮ್ ಹಿಡಿದಿಡೋ ಫ್ರೇಮ್) ಇದ್ಯಾ ಅಂತ ಮೊದ್ಲೇ ಕೇಳ್ಬಿಡಿ, ಮಾರೋರು ಅದನ್ನೇ ಕಳ್ಕೊಂಡಿರ್ತಾರೆ.

ಸ್ಕ್ಯಾನ್ ಕೆಲಸ ನಿಜವಾಗಿ ಶುರುವಾಗೋದು ಫಿಲ್ಮ್ ಒಣಗಿಸೋವಾಗ. ಬೋರ್‌ವೆಲ್ ನೀರಲ್ಲೇ ಕೊನೇ ಸಲ ತೊಳೆದು ನೇತುಹಾಕಿದ್ರೆ ಹನಿ ನಿಂತ ಕಡೆಯೆಲ್ಲ ಬಿಳಿ ಕಲೆ, ಆಕಾಶ ಇರೋ ಫೋಟೊದಲ್ಲಂತೂ ಎದ್ದು ಕಾಣತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಂದು ವೆಟಿಂಗ್ ಏಜೆಂಟ್ (ನೀರು ಹನಿಯಾಗಿ ನಿಲ್ಲದೆ ಜಾರೋ ಹಾಗೆ ಮಾಡೋ ದ್ರವ) ನಾಲ್ಕು ಹನಿ ಹಾಕಿ ಅದರಲ್ಲಿ ಅದ್ದಿ ತೆಗೀರಿ. ಫ್ಯಾನ್ ಆಫ್ ಮಾಡಿ, ಬಾತ್‌ರೂಮಲ್ಲಿ ಒಣಗಾಕಿ, ಮನೇಲಿ ಧೂಳು ಕಡಿಮೆ ಇರೋ ಜಾಗ ಅದೊಂದೇ.

ಈಗ ಫಿಲ್ಮಿನ ಯಾವ ಬದಿ ಯಾವ್ದು ಅಂತ ಗೊತ್ತಾಗೋದು ಹೇಗೆ? ಹಾಳೇನ ಉದ್ದಕ್ಕೆ ಹಿಡ್ಕೊಳ್ಳಿ, ಅಂಚಲ್ಲಿ ಕಚ್ಚು ಕಚ್ಚು ಇರತ್ತಲ್ಲ, ಅದು ಮೇಲ್ಗಡೆ ಬಲಮೂಲೆಗೆ ಬಂದಾಗ ನಿಮ್ಮ ಕಡೆ ಇರೋದೇ ಎಮಲ್ಷನ್, ಅಂದ್ರೆ ಫೋಟೊ ಮೂಡಿರೋ ಲೇಪದ ಬದಿ. ಇನ್ನೊಂದು ಬದಿ ನುಣುಪು, ಅದು ಗಾಜಿಗೆ ತಾಗಿದ್ರೆ ಪೆಟ್ರೋಲ್ ಚೆಲ್ಲಿದ ನೀರಿನ ಥರ ಬಣ್ಣದ ಉಂಗುರಗಳು ಬರ್ತವೆ, ನ್ಯೂಟನ್ ರಿಂಗ್ ಅಂತಾರೆ. ಅದಕ್ಕೇ ಹೋಲ್ಡರ್ ಫಿಲ್ಮನ್ನ ಗಾಜಿಂದ ಸ್ವಲ್ಪ ಎತ್ತಿ ಹಿಡಿಯೋದು. ಆ ಎತ್ತರವೂ ಮುಖ್ಯ, ಯಾಕಂದ್ರೆ ಸ್ಕ್ಯಾನರಿನ ಫೋಕಸ್ ಫಿಕ್ಸ್ ಆಗಿರತ್ತೆ. ಹೋಲ್ಡರಿನ ಕಾಲನ್ನ ಒಂದೊಂದು ಹಂತಕ್ಕೆ ಬದಲಾಯಿಸಿ, ಫೋಟೊದ ಒಂದೇ ಮೂಲೇನ ಪ್ರತಿ ಸಲ ಸ್ಕ್ಯಾನ್ ಮಾಡಿ, ಪಕ್ಕಪಕ್ಕ ಇಟ್ಟು ಗ್ರೇನ್ (ಫಿಲ್ಮಿನ ಸಣ್ಣ ಸಣ್ಣ ಕಣ) ಎಲ್ಲಿ ಚುಚ್ಚೋ ಹಂಗೆ ಕಾಣತ್ತೋ ಆ ಎತ್ತರ ಖಾಯಂ ಮಾಡಿ. ಬೋರಿಂಗ್ ಕೆಲಸ ನಿಜ, ಒಂದು ಭಾನುವಾರ ಹೋಗತ್ತೆ, ಆದ್ರೆ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋದು) ಜಾಸ್ತಿ ಮಾಡೋದಕ್ಕಿಂತ ಇದರಿಂದಲೇ ಲಾಭ ಹೆಚ್ಚು.

ಡಿಪಿಐ ವಿಷಯ ಬಂತು ಅಂತ ಹೇಳ್ತೀನಿ, ಡಬ್ಬದ ಮೇಲೆ 6400 ಅಂತ ಬರೆದಿದ್ರೂ 2400ಕ್ಕೆ ನಿಲ್ಲಿಸಿ. 9600×12000 ಪಿಕ್ಸೆಲ್ ಸಿಗತ್ತೆ, 300 ಡಿಪಿಐಗೆ ಪ್ರಿಂಟ್ ಹಾಕಿದ್ರೆ 32×40 ಇಂಚು, ಅಷ್ಟು ದೊಡ್ಡ ಗೋಡೆ ಯಾರ ಮನೇಲಿದೆ? ಅದಕ್ಕೂ ಮೇಲೆ ಹೋದ್ರೆ ಫೈಲ್ ಊದ್ಕೊಳ್ಳತ್ತೆ, ಹೊಸ ಡೀಟೇಲ್ ಅಷ್ಟಾಗಿ ಬರಲ್ಲ. ಕಪ್ಪುಬಿಳುಪಾದ್ರೆ 16 ಬಿಟ್ ಗ್ರೇ, ಟಿಫ್ ಫೈಲ್, ಶಾರ್ಪನಿಂಗ್ ಆಫ್. ಹಿಸ್ಟೋಗ್ರಾಮಿನ (ಕಪ್ಪಿಂದ ಬಿಳುಪಿನವರೆಗೆ ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್) ಎರಡೂ ತುದಿ ಕತ್ತರಿಸದ ಹಾಗೆ ಬಿಡಿ. ಸ್ಕ್ಯಾನ್ ಸಪ್ಪೆಯಾಗಿ, ಬೂದುಬೂದಾಗಿ ಬಂದ್ರೆ ಗಾಬರಿ ಬೇಡ, ಹಾಗೇ ಬರಬೇಕು, ಕಾಂಟ್ರಾಸ್ಟ್ ಆಮೇಲೆ ಎಡಿಟಿಂಗಲ್ಲಿ ಕೂಡಿಸಿದ್ರಾಯ್ತು. ಡಿಜಿಟಲ್ ಐಸ್ ಅನ್ನೋ ಧೂಳು ತೆಗೆಯೋ ಆಪ್ಷನ್ ಕಲರ್ ನೆಗೆಟಿವ್ವಿಗೆ ಚೆನ್ನಾಗಿದೆ, ಮಾಮೂಲಿ ಕಪ್ಪುಬಿಳುಪು ಫಿಲ್ಮಿಗೆ ಹಾಕಬೇಡಿ, ಅದರ ಬೆಳ್ಳಿ ಇನ್‌ಫ್ರಾರೆಡ್ ಬೆಳಕನ್ನ ತಡೆಯೋದ್ರಿಂದ ಸಾಫ್ಟ್‌ವೇರ್ ಫೋಟೊನೇ ಧೂಳು ಅನ್ಕೊಳ್ಳತ್ತೆ. ಬ್ಲೋವರ್, ಮೆತ್ತನೆ ಬ್ರಶ್, ಆಮೇಲೆ 100% ಝೂಮಲ್ಲಿ ಕೂತು ಒಂದೊಂದೇ ಚುಕ್ಕಿ ಎಡಿಟಿಂಗ್ ಸಾಫ್ಟ್‌ವೇರಿನ ಹೀಲ್ ಟೂಲಿಂದ ಅಳಿಸೋದು, ಬೇರೆ ದಾರಿ ಇಲ್ಲ.

ಪ್ರಿಂಟ್ ಕತ್ತಲೆ ಕತ್ತಲೆ ಬಂತು ಅಂತ ಎಲ್ರೂ ಪ್ರಿಂಟರ್‌ನ ಬೈತಾರೆ, ತಪ್ಪು ಬಹಳ ಸಲ ಮಾನಿಟರ್‌ದು. ಬ್ರೈಟ್‌ನೆಸ್ ಇಳಿಸಿ, ಪಕ್ಕದಲ್ಲಿ ಬಿಳಿ ಪೇಪರ್ ಹಿಡಿದಾಗ ಎರಡೂ ಒಂದೇ ಬೆಳಕಲ್ಲಿ ಕಾಣಬೇಕು. ನಿಮ್ಮ ಪೇಪರಿಗೆ ಕಂಪನಿಯವರು ಕೊಡೋ ಐಸಿಸಿ ಪ್ರೊಫೈಲ್ (ಆ ಪೇಪರ್ ಮೇಲೆ ಬಣ್ಣ ಹೇಗೆ ಬರತ್ತೆ ಅಂತ ಹೇಳೋ ಫೈಲ್) ಎಡಿಟಿಂಗ್ ಸಾಫ್ಟ್‌ವೇರಲ್ಲಿ ಹಾಕಿ, ಪ್ರಿಂಟರ್ ಡ್ರೈವರಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ, ಎರಡೂ ಕಡೆ ಆನ್ ಇದ್ರೆ ಬಣ್ಣ ಕೆಡತ್ತೆ. ಪೂರ್ತಿ ಹಾಳೆ ಹಾಕೋ ಮುಂಚೆ ಕಪ್ಪೂ ಬಿಳುಪೂ ಎರಡೂ ಇರೋ ಒಂದು ಪಟ್ಟಿ ಪ್ರಿಂಟ್ ಮಾಡಿ, ಒಣಗಿದ ಮೇಲೆ ಕಿಟಕಿ ಬೆಳಕಲ್ಲಿ ನೋಡಿ.

ಪ್ರಿಂಟರ್ರೇ ಇಲ್ವಾ? 4×5ರ ಮಜಾ ಇರೋದೇ ಅಲ್ಲಿ, ನೆಗೆಟಿವ್ ಅಳತೆಗೇ ಸೈನೋಟೈಪ್, ಅಂದ್ರೆ ಬಿಸಿಲಲ್ಲಿ ಮೂಡೋ ನೀಲಿ ಪ್ರಿಂಟ್ ಮಾಡಬಹುದು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಎಂಎಲ್ ನೀರಿಗೆ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ ಇನ್ನೊಂದು 100 ಎಂಎಲ್‌ಗೆ, ಎರಡನ್ನೂ ಸಮಸಮ ಬೆರೆಸಿ ಮಂದ ಬೆಳಕಲ್ಲಿ ದಪ್ಪ ಪೇಪರಿಗೆ ಹಚ್ಚಿ, ಕತ್ತಲಲ್ಲಿ ಒಣಗಿಸಿ. ಗ್ಲೌಸ್ ಹಾಕ್ಕೊಳ್ಳಿ, ಅಡುಗೆ ಪಾತ್ರೆ ಮುಟ್ಟಬೇಡಿ. ಮೇಲೆ ನೆಗೆಟಿವ್, ಅದರ ಮೇಲೆ ಗಾಜು ಇಟ್ಟು ಬಿಸಿಲಿಗೆ ಇಡಿ. ಎಷ್ಟು ಹೊತ್ತು ಅನ್ನೋದು ಬಿಸಿಲು ಮತ್ತೆ ನೆಗೆಟಿವ್ ಮೇಲೆ ಹೋಗತ್ತೆ, 10 ನಿಮಿಷದಿಂದ ಶುರು ಮಾಡಿ ನೋಡಿ. ಹಳದಿ ಪೂರ್ತಿ ಹೋಗೋವರೆಗೆ ನೀರಲ್ಲಿ ತೊಳೀರಿ. ನೀಲಿ ಗಾಢ ಆಗೋಕೆ ಒಂದು ದಿನ ಹಿಡಿಯತ್ತೆ, ಅವಸರ ಇದ್ರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ನೀರಿಗೆ ಹಾಕಿ ಅದರಲ್ಲಿ ಅದ್ದಿ, ಆಮೇಲೆ ಇನ್ನೊಂದು ಸಲ ತೊಳೆದು ಒಣಗಾಕಿ.