ಹಿಪ್ನೇರಳೆ ಕೇಕು ಕೊನೆಗೂ ಹಸಿರಾಗಲಿಲ್ಲ: ನನ್ನ ಅನುಭವ

ಹಿತ್ತಲಲ್ಲಿರೋ ರೇಷ್ಮೆ ಗಿಡ, ಅಂದ್ರೆ ಹಿಪ್ನೇರಳೆ, ಕಡಿಸಿಬಿಡೋಣ ಅಂತ ನಮ್ಮತ್ತೆ ಮೂರು ವರ್ಷದಿಂದ ಹೇಳ್ತಾನೇ ಇದ್ರು. ಹುಳ ಸಾಕೋದು ಬಿಟ್ಟಮೇಲೆ ಉಳಿದಿದ್ದು ಐದಾರು ಎಂ-5 ತಳಿ ಗಿಡ, ಈಗ ಮರಾನೇ ಆಗಿದಾವೆ, ಹಣ್ಣು ಉದುರಿ ಬಟ್ಟೆ ಒಗೆಯೋ ಕಲ್ಲೆಲ್ಲ ಕರೆ. ಈ ಬೇಸಿಗೇಲಿ ಅದೇ ಹಣ್ಣಿನ 11 ಕೇಕು ಮಾರಿದೀನಿ, ಅರ್ಧ ಕೆಜಿಗೆ 350 ರೂಪಾಯಿ ಹಂಗೆ. ಈ ಹಣ್ಣಲ್ಲಿ ಕೇಕು ಆಗಲ್ಲ ಅಂದವರೇ ಜಾಸ್ತಿ, ಅದಕ್ಕೇ ಬರೀತಿದೀನಿ.

ಮೊದಲು ಹಣ್ಣಿನ ವಿಷಯ. ಸೊಪ್ಪಿಗೋಸ್ಕರ ಎರಡು ತಿಂಗಳಿಗೊಂದ್ಸಲ ಕಟಾವು ಮಾಡ್ತಿದ್ದಾಗ ಹಣ್ಣು ಕಂಡಿದ್ದೇ ಕಮ್ಮಿ. ಈಗ ಫೆಬ್ರವರಿ ಮೊದಲ ವಾರ ಎಲೆ ಪೂರ್ತಿ ಸವರಿ, ರೆಂಬೆ ತುದಿ ಒಂದು ಗೇಣು ಕಟ್ ಮಾಡಿ ನೀರು ಕಟ್ತೀನಿ, ಚಿಗುರಿನ ಜೊತೆನೇ ಕಾಯಿ ಬರುತ್ತೆ, ಮಕ್ಕಳಿಗೆ ರಜ ಬರೋ ಹೊತ್ತಿಗೆ ಹಣ್ಣು ರೆಡಿ. ಎಲ್ಲಾ ಗಿಡ ಒಂದೇ ದಿನ ಸವರಬೇಡಿ, ಹತ್ತತ್ತು ದಿನ ಬಿಟ್ಟು ಸವರಿದ್ರೆ ಮೇ ತನಕ ಸಿಗುತ್ತೆ, ನಂಗೆ ವಾರಕ್ಕೆ ಎರಡು ಎರಡೂವರೆ ಕೆಜಿ ಸಿಕ್ಕಿತ್ತು. ಸವರಿದ ದಿನ ಬುಡಕ್ಕೆ ಒಂದು ವಸ್ತು ಹಾಕ್ತೀನಿ, ಅದು ನಮ್ಮ ಮಾವ ಹೇಳಿಕೊಟ್ಟಿದ್ದು, ಆ ಗುಟ್ಟು ಮನೇಲೇ ಇರ್ಲಿ.

ಇನ್ನು ಕೇಕು. ಬೇಸಿಗೇಲಿ ನಮ್ಮಲ್ಲಿ ಕರೆಂಟ್ ನಂಬ್ಕೊಂಡು ಓವನ್ ಇಡಕ್ಕಾಗಲ್ಲ, ಹಂಗಾಗಿ ಕುಕ್ಕರಲ್ಲೇ, ಗ್ಯಾಸ್ಕೆಟ್ಟು ವಿಷಲ್ಲು ತೆಗೆದು, ತಳಕ್ಕೆ ಉಪ್ಪು ಹಾಕಿ. ಮೊದಲನೇ ಕೇಕು ಚೆನ್ನಾಗಿ ಉಬ್ಬಿತ್ತು, ಕುಯ್ದು ನೋಡಿದ್ರೆ ಒಂದೊಂದು ಹಣ್ಣಿನ ಸುತ್ತನೂ ಹಸಿರು ನೀಲಿ ಉಂಗುರ, ಥೇಟ್ ಬೂಷ್ಟು ಹಿಡಿದಂಗೆ. ವಾರಗಿತ್ತಿ ಮಕ್ಕಳು ಬಾಯಿಗಿಡಲಿಲ್ಲ. ಪಾತ್ರೆದು ತಪ್ಪು ಅಂದ್ಕೊಂಡು 280 ಕೊಟ್ಟು ಹೊಸ ಟಿನ್ ತಂದೆ, ಮೈದಾ ಬದಲಾಯಿಸಿದೆ, ಹಣ್ಣು ಅರೆದು ಹಾಕಿದೆ, ಆಗಂತೂ ಇಡೀ ಕೇಕೇ ಬೂದಿ ಬಣ್ಣ. ಇದರ ಮಧ್ಯ ಉರಿ ಜಾಸ್ತಿಯಾಗಿ ಕುಕ್ಕರ್ ತಳ ಉಬ್ಬಿ ಹೋಯ್ತು, ಎಲ್ಲಾ ಸೇರಿ 2,500 ಹತ್ತಿರ ನೀರಲ್ಲಿ ಹೋಮ. ನಮ್ಮನೆಯವರು "ಸಾಕು ಬಿಡೇ, ಜ್ಯೂಸ್ ಮಾಡ್ಕೊಂಡು ಕುಡಿಯೋಣ" ಅಂದ್ರು.

ಗೊತ್ತಾಗಿದ್ದು ಮಗಳ ಕೈಯಿಂದ. ಮರ ಹತ್ತಿ ಬಂದು ಸೋಪಲ್ಲಿ ಕೈ ತೊಳೆದ್ಲು, ನೇರಳೆ ಕರೆ ಹೋಗೋ ಬದಲು ನೀಲಿ ಮಸಿ ತರ ಆಯ್ತು. "ನಿಂಬೆ ಸಿಪ್ಪೆ ಹಾಕಿ ಉಜ್ಜೇ" ಅಂದ್ರು ಅತ್ತೆ. ಉಜ್ಜಿದ ತಕ್ಷಣ ಬೆರಳೆಲ್ಲ ಕೆಂಪು! ಅಲ್ಲೇ ಹೊಳೀತು ನಂಗೆ, ಸೋಪು ಮಾಡೋ ಕೆಲಸಾನೇ ಕೇಕಲ್ಲಿ ನಾನು ಹಾಕ್ತಿದ್ದ ಅಡುಗೆ ಸೋಡಾ ಮಾಡ್ತಿದೆ, ಹುಳಿ ಇದ್ರೆ ಬಣ್ಣ ನಿಲ್ಲುತ್ತೆ. ಅವತ್ತಿಂದ ಸೋಡಾ ಬಂದ್. ಎರಡು ಕಪ್ ಮೈದಾಕ್ಕೆ ಬೇಕಿಂಗ್ ಪೌಡರ್ ಒಂದೂವರೆ ಚಮಚ, ಹಾಲಿನ ಬದಲು ಹುಳಿ ಮೊಸರು ಒಂದು ಕಪ್, ಒಂದು ಚಮಚ ನಿಂಬೆರಸ. ಹಣ್ಣು ಅರೀಬಾರ್ದು, ತೊಟ್ಟು ಕತ್ತರೀಲಿ ತೆಗೆದು, ನೀರು ಪೂರ್ತಿ ಆರಿಸಿ, ಒಣ ಮೈದಾದಲ್ಲಿ ಹೊರಳಿಸಿ ಕೊನೇಲಿ ಸೇರಿಸಿ. ಸಣ್ಣ ಉರೀಲಿ 45–50 ನಿಮಿಷ. ಈಗ ಕುಯ್ದ್ರೆ ಕೆಂಪು ನೇರಳೆ ಕಲೆ, ಊರಿನ ಬೇಕರಿಲಿ ಇಂಥದ್ದು ಸಿಗಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ಘಮಕ್ಕೆ ಒಂದು ಪುಡಿ ಹಾಕ್ತೀನಿ, ಆರ್ಡರ್ ಇನ್ನೂ ಬರ್ತಾ ಇರೋದ್ರಿಂದ ಅದನ್ನ ಈಗ್ಲೇ ಹೇಳಲ್ಲ.

ಬಣ್ಣದ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ಹಿರಿಯೂರು ಕಡೆ ಕುರಿ ಮಂದೆ ಬರ್ತಾವಲ್ಲ, ಒಬ್ರು ಅಜ್ಜನ್ನ ತುಪ್ಪಟ (ಕುರಿ ಉಣ್ಣೆ) ಕೊಡ್ತೀರಾ ಅಂತ ಕೇಳಿದೆ, "ಈಗ ಯಾರಿಗ್ ಬೇಕವ್ವ, ಕತ್ರಿಸಿದ ಕೂಲಿನೂ ಹುಟ್ಟಲ್ಲ" ಅಂತ ಬಿಳೀದು ಕರೀದು ಸೇರಿ 5 ಕೆಜಿ ಬರೀ 100 ರೂಪಾಯಿಗೆ ಕೊಟ್ರು. ಕೇಳಿ ಹೊಟ್ಟೆ ಉರೀತು, ಅಷ್ಟು ಒಳ್ಳೆ ತುಪ್ಪಟ. ಅಂಟುವಾಳದ ನೀರಲ್ಲಿ ಅದ್ದಿ ತೆಗೆದೆ, ಉಜ್ಜಿದ್ರೆ ಗಂಟು ಕಟ್ಟುತ್ತೆ, ಒಣಗಿದ ಮೇಲೆ ಮೂರೂ ಚಿಲ್ಲರೆ ಕೆಜಿ ಉಳೀತು. ನಾಯಿ ಕೂದಲು ಬಾಚೋ ಬ್ರಷ್ಷಲ್ಲಿ ಮಕ್ಕಳು ಬಾಚಿದ್ರು, ಅತ್ತೆ ಸ್ಕೂಲಲ್ಲಿ ಕಲಿತಿದ್ದ ತಕಲೀಲಿ ನೂತ್ರು. ಹಿಪ್ನೇರಳೆ ರಸಕ್ಕೆ ಪಟಿಕ ಹಾಕಿ ಬೇಯಿಸಿದ ನೂಲು ಮೊದಲ ದಿನ ಎಷ್ಟು ಚೆಂದ ಇತ್ತು, ಎರಡು ವಾರ ಬಿಸಿಲು ಬಿದ್ದಿದ್ದೇ ಬೂದಿ. ನಿಂಬೆ ಹಾಕಿದ್ರೂ ನಿಲ್ಲಲಿಲ್ಲ, ಕೇಕಿನ ಉಪಾಯ ಇಲ್ಲಿ ನಡೆಯಲ್ಲ, ಈ ಹಣ್ಣಲ್ಲಿ ನೂಲಿಗೆ ಬಣ್ಣ ಹಾಕಿ ದುಡ್ಡು ಕಳ್ಕೊಬೇಡಿ. ದೇವರಿಗೆ ಹಾಕಿ ತೆಗೆದ ಚೆಂಡುಹೂವೇ ಗೆದ್ದಿದ್ದು. 100 ಗ್ರಾಂ ನೂಲಿಗೆ 15 ಗ್ರಾಂ ಪಟಿಕ, ಹೂವು ನೂಲಿನಷ್ಟೇ ತೂಕ, ಅರಿಶಿನಕ್ಕಿಂತ ಗಟ್ಟಿ ಹಳದಿ, ಮೂರು ಸಲ ಒಗೆದ್ರೂ ಹಂಗೇ ಇದೆ.

ಅದರಲ್ಲಿ ಕ್ರೋಶಾ ಹಾಕಿ ಕೂರೋ ಆಸನ ಮಾಡಿದೆ, ಕರೀದೇ ಅಂಚು. ಮೆತ್ತಗಾಯ್ತು ಅನ್ನಿಸ್ತು, ಚಳ್ಳಕೆರೆ ಕಡೆ ಕಂಬಳಿಗೆ ಹಚ್ಚೋ ಹಂಗೆ ಹುಣಸೆ ಬೀಜದ ಸರಿ (ಗಂಜಿ) ತೆಳ್ಳಗೆ ಹಚ್ಚಿ ಒಣಗಿಸಿದೆ, ಬಿಗಿಯಾಗಿ ಕೂತಿದೆ. ಅತ್ತೆ ಪೂಜೆಗೆ ಅದರ ಮೇಲೇ ಕೂರೋದು ಈಗ, ಗಿಡ ಕಡಿಸೋ ಮಾತು ಎತ್ತಿಲ್ಲ. ವಾರಗಿತ್ತಿನೂ ಒಂದು ಕೇಳಿದಾಳೆ, ಬಿಳೀದು ಖಾಲಿ. ಅಜ್ಜ ದೀಪಾವಳಿ ಹೊತ್ತಿಗೆ ಮತ್ತೆ ಈ ಕಡೆ ಬರ್ತೀನಿ ಅಂದಿದಾರೆ, 10 ಕೆಜಿ ಬಿಳೀದೇ ಎತ್ತಿಡಿ, ಈ ಸಲ ಕೂಲಿ ಹುಟ್ಟೋ ಹಂಗೆ ರೇಟ್ ಕೊಡ್ತೀನಿ ಅಂತ ಹೇಳಿ ಕಳ್ಸಿದೀನಿ.