ಕ್ಯಾಮೆರಾಕ್ಕಿಂತ ಮೊದಲು ಕೊಂಡ ಬಾಕ್ಸ್ ಫೈಲ್

ನಮ್ಮ ಮೊದಲ ಸಿನಿಮಾ ಹನ್ನೊಂದು ಜನ ಗೆಳೆಯರು ಸೇರಿ ಮಾಡಿದ್ದು. ತೀರ್ಥಹಳ್ಳಿ ಹತ್ತಿರ ಒಂದು ಹಳೇ ತೊಟ್ಟಿಮನೆ, ಮುಂದೆ ಅಡಿಕೆ ಒಣಗಿಸುವ ಅಂಗಳ, ಇಪ್ಪತ್ತೆರಡು ದಿನದ ಶೂಟಿಂಗ್. ಒಂದು ಓಟಿಟಿಯವರು ನೋಡಿ ಇಷ್ಟಪಟ್ಟರು. ಆಮೇಲೆ ಅವರಿಂದ ಮೇಲ್ ಬಂತು, ‘ಚೈನ್ ಆಫ್ ಟೈಟಲ್ ಕಳಿಸಿ’ ಅಂತ. ಕತೆ, ಹಾಡು, ಸಂಗೀತದ ಹಕ್ಕು ಯಾರಿಂದ ಯಾರಿಗೆ ಬಂತು ಅಂತ ತೋರಿಸುವ ಕಾಗದಗಳು ಅವು. ನನ್ನ ಹತ್ತಿರ ಇದ್ದದ್ದು ವಾಟ್ಸಾಪ್ ಮಾತುಕತೆ ಮಾತ್ರ. ಸಂಗೀತ ಮಾಡಿದ ಗೆಳೆಯ ಅಷ್ಟರಲ್ಲಿ ಕೆಲಸಕ್ಕೆ ಅಂತ ಮಸ್ಕತ್‌ಗೆ ಹೋಗಿದ್ದ. ಅವನ ಸಹಿ ಕೈಸೇರುವಾಗ ಮೂರು ತಿಂಗಳು ಕಳೆದಿತ್ತು. ವ್ಯವಹಾರ ಮುರಿದುಬಿತ್ತು.

ಎರಡನೇ ಸಿನಿಮಾಕ್ಕೆ ನಾನು ಮೊದಲು ಕೊಂಡದ್ದು ಒಂದು ಬಾಕ್ಸ್ ಫೈಲ್. ಅದರೊಳಗೆ ಏನೇನು ಹೋಯಿತು ಅಂತ ಹೇಳುತ್ತೇನೆ. ಸಹಿಗೆ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಆದರೆ ಏನು ಕೇಳಬೇಕು ಅನ್ನೋದು ನಿಮಗೆ ಗೊತ್ತಿರಲಿ.

ಎಲ್ಲಕ್ಕಿಂತ ಮುಖ್ಯ ಕತೆಯ ಕಾಗದ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ. ನೀವು ನಿರ್ದೇಶಕರಾಗಿ, ದುಡ್ಡು ಹಾಕಿ ಜವಾಬ್ದಾರಿ ಹೊತ್ತವರು ಬೇರೆಯವರಾಗಿದ್ದರೆ, ಸಿನಿಮಾ ಅವರದು. ಇದನ್ನು ಕೇಳಿ ಎಷ್ಟೋ ಹುಡುಗರು ಬೆಚ್ಚುತ್ತಾರೆ. ಇನ್ನು ಬೇರೆಯವರು ಬರೆದ ಕತೆ ತಗೊಂಡರೆ ಬಾಯಿಮಾತು ನಡೆಯೋದಿಲ್ಲ. ಬರವಣಿಗೆಯಲ್ಲಿ ಇರಬೇಕು, ಕತೆ ಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಇನ್ನೊಂದು ಸಾಲು ನಮ್ಮಂಥವರಿಗೆ ತುಂಬಾ ಮುಖ್ಯ. ತಗೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ರದ್ದಾಗುತ್ತದೆ, ಬೇರೆ ಅವಧಿ ಬರೆದುಕೊಂಡಿದ್ದರೆ ಮಾತ್ರ ಉಳಿಯುತ್ತದೆ. ನಮಗೆ ದುಡ್ಡು ಹೊಂದಿಸೋಕೇ ಎರಡು ವರ್ಷ ಬೇಕು, ಅಲ್ವಾ? ‘ಐದು ವರ್ಷದೊಳಗೆ ಚಿತ್ರೀಕರಣ ಶುರು’ ಅಂತ ನಾನು ಬರೆಸಿದೆ.

ಹಾಡು ಬರೆದವರಿಂದ, ಸಂಗೀತ ಮಾಡಿದವರಿಂದ ‘ರಾಯಲ್ಟಿ ಪೂರ್ತಿ ಬಿಟ್ಟುಕೊಟ್ಟಿದ್ದೇನೆ’ ಅಂತ ಬರೆಸಿಕೊಳ್ಳಬೇಡಿ. 2012ರ ತಿದ್ದುಪಡಿ ಆದಮೇಲೆ ಆ ಮಾತಿಗೆ ಬೆಲೆ ಇಲ್ಲ. ಚಿತ್ರಮಂದಿರದ ಆಚೆ ಹಾಡು ಬಳಕೆಯಾದರೆ ಅವರಿಗೂ ಪಾಲು ಸಲ್ಲಬೇಕು. ಅದು ನ್ಯಾಯವೂ ಹೌದು.

ಮನೆ, ತೋಟ, ಅಂಗಡಿಯಲ್ಲಿ ಶೂಟಿಂಗ್ ಮಾಡುವಾಗ ಮಾಲೀಕರ ಸಹಿ ಬೇಕು. ಮಾಲೀಕರು ಎಷ್ಟು ಜನ ಅಂತಲೂ ಕೇಳಿ. ಮೊದಲ ಸಿನಿಮಾದ ತೊಟ್ಟಿಮನೆಯ ಮಾಲೀಕರಲ್ಲಿ ಅಣ್ಣ ಖುಷಿಯಿಂದ ಒಪ್ಪಿದ್ದರು. ಒಂಬತ್ತನೇ ದಿನ ತಮ್ಮ ಬೆಂಗಳೂರಿಂದ ಬಂದರು. ಆಸ್ತಿ ಪಾಲಾಗಿರಲಿಲ್ಲ. ಎರಡು ದಿನ ಲೈಟು ಇಳಿಸಿ ಕೂತೆವು. ಈಗ ನಾನು ಪಹಣಿ ಅಥವಾ ಮನೆ ಕಂದಾಯದ ರಸೀದಿ ನೋಡಿ, ಅದರಲ್ಲಿ ಹೆಸರಿರುವ ಎಲ್ಲರ ಸಹಿ ಹಾಕಿಸುತ್ತೇನೆ. ಹಂಪಿಯಂಥ ಕಡೆ ಕೆಲವು ಸ್ಮಾರಕ ಕೇಂದ್ರದ ಪುರಾತತ್ವ ಇಲಾಖೆಯದು, ಕೆಲವು ರಾಜ್ಯದ್ದು. ನಿಮ್ಮ ಫ್ರೇಮಿನಲ್ಲಿ ಬರುವ ಕಲ್ಲು ಯಾರದು ಅಂತ ತಿಳಿದೇ ಅರ್ಜಿ ಹಾಕಿ.

ಮಕ್ಕಳು ನಟಿಸುತ್ತಿದ್ದರೆ ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಅಪ್ಪ ಅಮ್ಮ ಒಪ್ಪಿದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸಾಲದು. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗಳ, ಅಂದರೆ ಡಿಸಿಯವರ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಸಂಭಾವನೆಯ ಕನಿಷ್ಠ ಶೇಕಡ 20ರಷ್ಟು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ನಮ್ಮ ಚಿತ್ರದಲ್ಲಿ ಒಂಬತ್ತು ವರ್ಷದ ಹುಡುಗಿ ಇದ್ದಳು. ಅವಳ ಸೀನುಗಳನ್ನೆಲ್ಲ ಬೆಳಗಿನ ಹೊತ್ತಿಗೇ ಇಟ್ಟುಕೊಂಡೆವು. ಠೇವಣಿ ರಸೀದಿಯ ಒಂದು ಪ್ರತಿ ಫೈಲಿನಲ್ಲಿದೆ.

ಹಸು, ನಾಯಿ, ಎತ್ತಿನಿಂದ ನಟನೆ ಮಾಡಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗಿಗೆ ಮೊದಲೇ ತಗೊಳ್ಳಿ. ಸೆನ್ಸಾರಿನಲ್ಲಿ ಆ ಪತ್ರ ಕೇಳುತ್ತಾರೆ. ಚಿತ್ರಮಂದಿರದಲ್ಲಿ ತೋರಿಸಬೇಕೆಂದರೆ ಸೆನ್ಸಾರ್ ಪ್ರಮಾಣಪತ್ರ ಬೇಕೇ ಬೇಕು. ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ, ಅರ್ಜಿ ಆನ್‌ಲೈನ್. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿಯಿಂದ ಯುಎ ದರ್ಜೆ, ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ದರ್ಜೆ, 7, 13, 16 ವರ್ಷ ಅಂತ ಮೂರಾಗಿದೆ. ಇನ್ನು ಚಿತ್ರದ ಹೆಸರು. ಬರೀ ಹೆಸರಿಗೆ ಕಾಪಿರೈಟ್ ಇಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಫಿಲ್ಮ್ ಚೇಂಬರಿನಲ್ಲಿ ನೋಂದಾಯಿಸಿಬಿಡಿ, ಬಿಡುಗಡೆ ಹೊತ್ತಿಗೆ ಜಗಳ ಬೇಡ.

ಜನ ಜಾಸ್ತಿ ಎಡವುವುದು ಹಾಡಿನಲ್ಲಿ. ‘ಹತ್ತು ಸೆಕೆಂಡ್ ಹಾಕಿದರೆ ಪರವಾಗಿಲ್ಲ’ ಅನ್ನೋ ನಿಯಮ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಚಹಾದಂಗಡಿ ಸೀನಿನಲ್ಲಿ ರೇಡಿಯೋ ಹಾಡುತ್ತಿದ್ದರೆ ಮೊದಲು ಅದನ್ನು ಆರಿಸಿ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಕೇಳಿಯೇ ಬಳಸಬೇಕು. ಕುವೆಂಪು ಅವರ ಕವಿತೆಗೆ 2054ರವರೆಗೆ. ಬಸವಣ್ಣನ ವಚನ ಎಲ್ಲರದು. ಆದರೆ ಈಚೆಗೆ ಯಾರೋ ಹಾಕಿದ ರಾಗ, ಯಾರೋ ಮಾಡಿದ ರೆಕಾರ್ಡಿಂಗ್ ಎಲ್ಲರದಲ್ಲ.

ದೀಪಾವಳಿ ಸೀನಿಗೆ ನಮಗೆ ಅಂಟಿಗೆ ಪಂಟಿಗೆ ಹಾಡು ಬೇಕಿತ್ತು, ಮಲೆನಾಡಿನಲ್ಲಿ ಹಬ್ಬದ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವಂಥದ್ದು. ಹಾಡು ಪರಂಪರೆಯದು, ಆದರೆ ಹಾಡಿದವರಿಗೆ ತಮ್ಮ ಗಾಯನದ ಮೇಲೆ ಹಕ್ಕಿದೆ. ಹಾಗಾಗಿ ಹಾಡುವ ತಂಡದ ಆರೂ ಜನರಿಗೆ ಸಂಭಾವನೆ ಕೊಟ್ಟು, ಒಪ್ಪಿಗೆ ಪತ್ರ ಕನ್ನಡದಲ್ಲೇ ಬರೆದು, ಜಗಲಿಯಲ್ಲಿ ಕೂತು ಜೋರಾಗಿ ಓದಿ ಹೇಳಿದೆ. ತಂಡದ ಹಿರಿಯರು ಪೂರ್ತಿ ಕೇಳಿಸಿಕೊಂಡು, ‘ನಮ್ಮ ಹೆಸರು ಬರ್ತದಾ?’ ಅಂದರು. ಹೆಸರು ಹಾಕಿಸಿಕೊಳ್ಳುವುದು ಕಲಾವಿದರ ಹಕ್ಕು ಅಂತ ಕಾಯ್ದೆಯಲ್ಲೇ ಇದೆ. ನಾನು ಬರೆದ ಪತ್ರದಲ್ಲಿ ಆ ಸಾಲು ಇರಲಿಲ್ಲ. ಅಲ್ಲೇ ಪೆನ್ನಿನಿಂದ ಸೇರಿಸಿದೆ, ಆರೂ ಹೆಸರು, ಊರಿನ ಹೆಸರು ಸಮೇತ. ಆಮೇಲೆ ಅವರು ಹೆಬ್ಬೆಟ್ಟು ಒತ್ತಿದರು.